ಬೀಗರು ಎಸೆದ ಹಗ್ಗ

ನಾನು ಅಜ್ಜನಾದೆ. ನನ್ನ ಮಗಳು ಹೆಣ್ಣು ಕೂಸು ಹಡೆದಿದ್ದಾಳೆ. ತಾಯಿಯೂ ಕೂಸೂ ಗಟ್ಟಿಮುಟ್ಟಾಗಿದ್ದಾರೆ. ಕೂಸು ಒಮ್ಮೆ ಬಾಯಿ ತೆಗೆದು ಅತ್ತಿತೆಂದರೆ ಓಣಿಯ ಆ ತುದಿಯಲ್ಲಿ ಮಲಗಿದ ನಾಯಿ ಎದ್ದು ಕೂತು ನಮ್ಮ ಮನೆಯ ಕಡೆ ನೋಡುತ್ತದೆ. ಈಗ ಅವಳು ಪಡಸಾಲೆಯ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಮುಷ್ಟಿ ಬಿಗಿದುಕೊಂಡು ಮಲಗಿದ್ದಾಳೆ. ನಾನು ಬಲಗೈಯಲ್ಲಿ ಇದನ್ನು ಬರೆಯುತ್ತ ಎಡಗೈಯಲ್ಲಿ ತೊಟ್ಟಿಲು ತೂಗುತ್ತಿದ್ದೇನೆ. ಹಗ್ಗ ತೊಲೆಗೆ ತಿಕ್ಕಿ ಕಿರ್ ಕಿರ್ ಎನ್ನುತ್ತದೆ. ಒಂದು ಹನಿ ಎಣ್ಣೆ ಬಿಡಿರೆಂದು ಹೆಂಡತಿ ಹೇಳುತ್ತಾಳೆ. ಬಿಡುವುದಿಲ್ಲ. ಆ ಸದ್ದು ಕೇಳಿದಷ್ಟೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಯಾಕೆಂದರೆ ಇದೇ ಹಗ್ಗವನ್ನು ಬೆಳವಣಕಿಯ ನಮ್ಮ ಬೀಗರು ಒಂದು ದಿನ ಮಂದಿಯ ಮುಂದೆ ನನ್ನ ಕಾಲ ಬಳಿ ಎಸೆದಿದ್ದರು. ಎಸೆದ ಹಗ್ಗವೇ ಅವರನ್ನು ಎಳೆದು ನನ್ನ ಮನೆಯೊಳಗೆ ತಂದಿತು. ಹೇಗೆ ತಂದಿತೆಂಬುದನ್ನು ಬರೆದಿಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಅಕ್ಷರ ಸೊಟ್ಟ ಇದ್ದರೆ ಸೈರಿಸಿಕೊಳ್ಳಿರಿ. ಮಠದ ಅಯ್ಯನವರ ಮುಂದೆ ಮಳಲಿನಲ್ಲಿ ಬೆರಳಾಡಿಸಿ ಕಲಿತದ್ದಿಷ್ಟು. ಬಿತ್ತಿಗೆ ಬಂತೆಂದು ಅಪ್ಪ ಹೊಲಕ್ಕೆ ಕರೆದೊಯ್ದ, ಮತ್ತೆ ಹೊಳ್ಳಿ ಹೋಗಲಿಲ್ಲ.

ಹಗ್ಗ ಹೊಸೆಯುವುದು ನನಗೆ ಕೆಲಸವಲ್ಲ, ಅದು ನನ್ನ ಸಮಾಧಾನ. ಒಬ್ಬೊಬ್ಬರಿಗೆ ಒಂದೊಂದು ಇರುತ್ತದೆ. ನನ್ನ ಹೆಂಡತಿಗೆ ರಾಟಿ. ಅವಳಿಗೆ ಸಿಟ್ಟು ಬಂದ ದಿನ ನೂಲು ಸಣ್ಣಗೆ, ಒಂದೇ ಸಮನೆ ಬರುತ್ತದೆ. ಸಂತೋಷದಲ್ಲಿದ್ದರೆ ಅಲ್ಲಲ್ಲಿ ಗಂಟು ಬೀಳುತ್ತದೆ. ಮನೆಯಲ್ಲಿ ಒಳ್ಳೆಯ ನೂಲು ಇದೆಯೆಂದರೆ ಅದಕ್ಕೆ ನಾನೇ ಕಾರಣ. ನಮ್ಮ ಪಕ್ಕದ ಮನೆಯ ಮುದುಕರು ಬಾವಿಗೆ ಇಳಿದು ಕುತ್ತಿಗೆಮಟ ನೀರಲ್ಲಿ ನಿಂತುಬಿಡುತ್ತಾರೆ. ಸೊಸೆ ಕರೆದರೂ ಕೇಳಿಸುವುದಿಲ್ಲ. ಸೊಸೆಯ ಕೂಗು ಕೇಳಿಸದಿರಲೆಂದೇ ಇಳಿಯುವುದು ಅವರು. ನನಗೆ ಹಗ್ಗ. ಸಂಜೆ ಹೊಲದಿಂದ ಬಂದು, ಎತ್ತಿಗೆ ನೀರು ತೋರಿಸಿ, ಅಂಗಳದ ಬೇವಿನ ಕಟ್ಟೆಯ ಮೇಲೆ ಕೂತು ಎಳೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ತೊಡೆಯ ಮೇಲೆ ಅಂಗೈಯಿಂದ ಸರ್ ಎಂದು ಹೊಸೆದರೆ, ಹಗಲೆಲ್ಲ ತಲೆಯಲ್ಲಿ ಗುಂಯ್ ಎನ್ನುತ್ತಿದ್ದದ್ದು ಅಂಗೈಗೆ ಇಳಿದು, ಅಂಗೈಯಿಂದ ಎಳೆಗೆ ಇಳಿದು ಅಲ್ಲೇ ಸುತ್ತಿಕೊಂಡು ಕೂರುತ್ತದೆ. ನನ್ನ ಬಲತೊಡೆಯ ಮೇಲೆ ಕೂದಲೇ ಇಲ್ಲ. ಅಷ್ಟು ಹೊಸೆದಿದ್ದೇನೆ.

ಬೀಗರು ಹಗ್ಗ ಎಸೆದ ವರ್ಷ ನಾಗರ ಪಂಚಮಿಗೆ ಮಗಳನ್ನು ತವರಿಗೆ ಕರೆತರಲು ಬೆಳವಣಕಿಗೆ ಹೊರಟಿದ್ದೆ. ಹೆಂಡತಿ ನಮ್ಮ ಹೊಲದ ಜವಾರಿ ಹತ್ತಿಯಿಂದ ನೂಲು ತೆಗೆದಿದ್ದಳು. ಅದನ್ನು ಹೊಸೆದು ಕೈಗೆ ಮೆತ್ತಗೆ, ಮೈಗೆ ಗಟ್ಟಿ ಎನ್ನಿಸುವ ಜೋಕಾಲಿ ಹಗ್ಗ ಮಾಡಿದ್ದೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಒಂದು ಹಗ್ಗ ನಮ್ಮ ಬೇವಿನ ಗಿಡಕ್ಕೆ, ಒಂದು ಅವರ ಮನೆಗೆ ಎಂದು ಅರಿಶಿನ ಹಚ್ಚಿ, ಸುರುಳಿ ಸುತ್ತಿ ಒಯ್ದಿದ್ದೆ. ಮದುವೆಯಾಗಿ ವರ್ಷಗಳಾಗಿದ್ದರೂ ಮಗಳ ಮಡಿಲು ತುಂಬಿರಲಿಲ್ಲ. ಅದು ನಮಗೂ ಸಂಕಟವೇ. ಆದರೆ ಹಬ್ಬದ ದಿನ ಬಾಯಿಗೆ ತರುವ ಮಾತಲ್ಲ.

ನಮ್ಮ ಬೀಗರು ದೊಡ್ಡ ಕುಳ. ಹೊಲವೂ ಇದೆ, ಹತ್ತಿ ವ್ಯಾಪಾರವೂ ಇದೆ. ಕುಂಪಣಿಯವರು ಹಂಚಿದ ವಿಲಾಯಿತಿ ಹತ್ತಿಯ ಬೀಜವನ್ನು ತಮ್ಮ ಊರಿನಲ್ಲಿ ಮೊದಲು ಬಿತ್ತಿದವರು ಅವರು. ಅಂದಿನಿಂದ ಅವರ ಕಣ್ಣಿಗೆ ಜವಾರಿ ಎಂಬುದೆಲ್ಲ ಕಸ. ನಾನು ಹೋದಾಗ ಅವರ ಕಟ್ಟೆಯ ಮೇಲೆ ಊರ ಹಿರಿಯರು ಕೂತಿದ್ದರು. ಮಗಳು ನನಗೆ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ಹಗ್ಗ ಕೊಟ್ಟೆ. ಬೀಗರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು, ಸತ್ತ ಹಾವನ್ನು ಎತ್ತಿದ ಹಾಗೆ.

"ಏನ್ರಿ ಬೀಗರ, ಜೋಕಾಲಿ ಹಗ್ಗಾನು? ನಮ್ಮ ಮನ್ಯಾಗ ಜೋಕಾಲಿ ಆಡೂ ಕೂಸ ಎಲ್ಲೈತ್ರಿ? ಒಂದು ಗೊಡ್ಡಾಕಳ ಐತಿ. ಅದನ್ನ ಕಟ್ಟಾಕ ಇಷ್ಟ ಚಂದನ ಹಗ್ಗಾ ಯಾಕ?"

ಹೇಳುತ್ತ ಬಾಗಿಲ ಕಡೆ ನೋಡಿ ನಕ್ಕರು. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬಿಬ್ಬರು ನಕ್ಕರು, ಉಳಿದವರು ಎಲೆಗೆ ಸುಣ್ಣ ಹಚ್ಚುವುದರಲ್ಲಿ ತಲೆ ತಗ್ಗಿಸಿದರು. ಹಗ್ಗ ನನ್ನ ಕಾಲ ಬಳಿ ಬಂದು ಬಿತ್ತು. ಮಗಳ ಕೈಯ ತಂಬಿಗೆ ಅಲುಗಾಡಲಿಲ್ಲ. ಈ ಮಾತು ಅವಳಿಗೆ ಹೊಸದಲ್ಲ ಎಂದು ಅದರಿಂದ ತಿಳಿಯಿತು.

ನಾನೇನು ಸುಮ್ಮನೆ ಬರುವವನೇ? "ಬೀಜಾನೂ ಒಮ್ಮೆ ನೋಡಿಸ್ರಿ ಬೀಗರ. ವಿಲಾಯಿತಿ ಬೀಜ ಎಲ್ಲಾ ಹೊಲದಾಗೂ ಹುಟ್ಟಂಗಿಲ್ಲಂತ," ಎಂದೆ.

ಈ ಸಲ ಎಲ್ಲರೂ ನಕ್ಕರು. ಬೀಗರ ಮುಖ ಕಾದ ಹಂಚಿನ ಹಾಗಾಯಿತು. ಇನ್ನು ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ, ನನ್ನ ಮನೆಯ ನೀರು ಮುಟ್ಟುವುದಿಲ್ಲ, ಬರುವ ಸುಗ್ಗಿಗೆ ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಎಂದು ಎದ್ದು ನಿಂತು ಸಾರಿದರು. ನಾನು ಮಗಳನ್ನು ಬಂಡಿಯಲ್ಲಿ ಕೂರಿಸಿಕೊಂಡೆ, ಹಗ್ಗ ಎತ್ತಿಕೊಂಡೆ, ಹೊರಟೆ. ಶಿರೋಳದ ಹತ್ತಿರ ಬಂದು ದೂರಕ್ಕೆ ನರಗುಂದದ ಗುಡ್ಡ ಕಂಡಾಗ ಮಗಳು, ಎತ್ತು ಬಾಯಾರಿವೆ, ನೀರು ಕುಡಿಸಪ್ಪ ಎಂದಳು.

ಹಬ್ಬ ಮುಗಿದ ಮೇಲೆ ಅಳಿಯ ತಾನೇ ಬಂದು ಹೆಂಡತಿಯನ್ನು ಕರೆದುಕೊಂಡು ಹೋದ. ಒಳ್ಳೆಯ ಹುಡುಗ. ಅಪ್ಪನಿಗೆ ಎದುರು ಮಾತಾಡುವವನಲ್ಲ, ಆದರೆ ಅಪ್ಪ ಹೇಳಿದ ಹೆಣ್ಣು ನೋಡಲು ಹೋಗುವವನೂ ಅಲ್ಲ. ಸುಗ್ಗಿ ಬಂದಾಗಲೆಲ್ಲ ಬೆಳವಣಕಿಯಲ್ಲಿ ಹೆಣ್ಣಿನ ಮಾತು ಏಳುತ್ತಿತ್ತು. ಅಳಿಯನಿಗೆ ಅದೇ ಹೊತ್ತಿಗೆ ಹೊಟ್ಟೆನೋವೋ, ರೋಣದಲ್ಲಿ ಕೆಲಸವೋ ಬರುತ್ತಿತ್ತು. ಹೀಗೆ ವರ್ಷಗಳು ಹೋದವು. ಮಗಳ ಸಂಸಾರ ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ಜೋತಾಡುತ್ತಿತ್ತು. ನನ್ನ ತಲೆಯಲ್ಲಿ ಮಾತ್ರ ಆ ಕಟ್ಟೆ, ಆ ನಗು, ಆ ಗೊಡ್ಡಾಕಳು.

ಸಿಟ್ಟು ಇಳಿಸಲು ಮನೆಯವರು ಏನೇನು ಮಾಡಲಿಲ್ಲ. ಹೆಂಡತಿ ಹರಳೆಣ್ಣೆ ತಲೆಗೆ ತಟ್ಟಿ ತಟ್ಟಿ ಹಚ್ಚಿ ಸುಡುಸುಡು ನೀರು ಹೊಯ್ದಳು. ಮೈ ಹಗುರಾಯಿತು, ನಿದ್ದೆ ಬಂತು. ನಿದ್ದೆಯಲ್ಲಿ ಬೀಗರೂ ಬಂದರು. ಎಲೆ ಅಡಿಕೆ ಹಾಕಿ ನೋಡಿದೆ. ಜಗಿಯುವಾಗ ಹಲ್ಲಿನ ನಡುವೆ ಇರುವುದು ಅಡಿಕೆಯಲ್ಲ, ಬೀಗರ ಬೆರಳು ಅನ್ನಿಸಿ ಬಾಯಿ ಕಡಿದುಕೊಂಡೆ. ಪಕ್ಕದ ಮನೆಯ ಮುದುಕರು ತಮ್ಮ ಜೊತೆ ಬಾವಿಗೆ ಇಳಿಯಲು ಕರೆದರು. ತಣ್ಣೀರಿನಲ್ಲಿ ನಿಂತು ಬೀಗರ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ. ಮರುದಿನ ಅವರು ನನ್ನನ್ನು ಕರೆಯದೆ ಒಬ್ಬರೇ ಇಳಿದರು. ಮಠದಲ್ಲಿ ಭಜನೆಗೆ ಕೂತರೆ ತಾಳದ ಪ್ರತಿ ಪೆಟ್ಟೂ ಒಬ್ಬರ ತಲೆಯ ಮೇಲೆ ಬೀಳುತ್ತಿತ್ತು.

ಕೊನೆಗೆ ನನ್ನನ್ನು ಉಳಿಸಿದ್ದು ಆ ಎಸೆದ ಹಗ್ಗ. ಅದನ್ನು ಗೋಡೆಯ ನಾಗೊಂದಿಗೆಯ ಮೇಲಿಂದ ತೆಗೆದು ಬಿಚ್ಚಿದೆ, ಮೂರು ಎಳೆ ಬೇರೆ ಮಾಡಿದೆ. ಸಂಜೆ ಒಂದೊಂದೇ ಎಳೆಯ ಹುರಿ ಬಿಡಿಸುವುದು, ಹಿಂಜುವುದು, ಮತ್ತೆ ತೊಡೆಯ ಮೇಲೆ ಹುರಿ ಹಾಕುವುದು. ಹಾಕುವಾಗ ಬೀಗರಿಗೆ ಏನು ಮಾಡಬೇಕೆಂದು ಯೋಚಿಸುವುದು. ಒಂದು ದಿನ ಅವರನ್ನು ಇದೇ ಬೇವಿನ ಗಿಡಕ್ಕೆ ಕಟ್ಟಿ ಅವರ ಮುಂದೆ ಜವಾರಿ ಹತ್ತಿಯ ಗುಡ್ಡೆ ಹಾಕಿ ಬೀಜ ಬಿಡಿಸಲು ಹಚ್ಚಿದೆ. ಒಂದು ದಿನ ಬಾವಿಗೆ ಇಳಿಬಿಟ್ಟು, ನಮ್ಮ ಮುದುಕರ ಪಕ್ಕದಲ್ಲಿ ನಿಲ್ಲಿಸಿದೆ. ಇನ್ನೊಂದು ದಿನ ಅವರ ವಿಲಾಯಿತಿ ಹೊಲದ ತುಂಬ ನಮ್ಮ ಓಣಿಯ ದನ ಬಿಟ್ಟೆ. ಎಳೆ ಬಿಗಿಯುತ್ತ ಹೋದಂತೆ ನನ್ನ ಮೈ ಸಡಿಲಾಗುತ್ತಿತ್ತು. ಊಟದ ಹೊತ್ತಿಗೆ ನಾನು ನಗುನಗುತ್ತ ಎದ್ದು ಕೈ ತೊಳೆಯುತ್ತಿದ್ದೆ. ಹಗ್ಗ ಹೊಸೆಯುತ್ತೀರೋ ಬೀಗರ ಕುತ್ತಿಗೆ ಹೊಸೆಯುತ್ತೀರೋ ಎಂದು ಹೆಂಡತಿ ಕೇಳುತ್ತಿದ್ದಳು. ಎರಡೂ ಒಂದೇ ಕೈಯ ಕೆಲಸ ಎನ್ನುತ್ತಿದ್ದೆ.

ಮೂರು ಎಳೆಯನ್ನೂ ಕೂಡಿಸಿ ಮತ್ತೆ ಹಗ್ಗ ಮಾಡಲಿಲ್ಲ. ಅದಕ್ಕೆ ಆ ತುದಿಯಲ್ಲಿ ಇನ್ನೊಬ್ಬರು ಬೇಕು. ಆ ತುದಿಗೆ ಯಾರು ಬೇಕೆಂಬುದು ನನಗೆ ಗೊತ್ತಿತ್ತು.

ಹೋದ ವರ್ಷ ಮಾಘದಲ್ಲಿ ಅಳಿಯ ಹೊತ್ತಲ್ಲದ ಹೊತ್ತಿನಲ್ಲಿ ಬಂದ. ನೀರು ಕುಡಿಯಲಿಲ್ಲ, ಕೂರಲಿಲ್ಲ, ಅತ್ತೆಯ ಕಿವಿಯಲ್ಲಿ ಏನೋ ಹೇಳಿ ನಾಚಿಕೊಂಡು ದನದ ಹಿಂದೆ ಹೋಗಿ ನಿಂತ. ಹೆಂಡತಿ ಓಡಿಬಂದು ನನ್ನ ಕೈಯ ಎಳೆ ಕಿತ್ತುಕೊಂಡು, ಇನ್ನು ಹೊಸೆದದ್ದು ಸಾಕು, ಮಗಳು ನೀರು ನಿಂತಿದ್ದಾಳೆ, ಬಸುರಿ ಎಂದಳು. ನಾನು ಬೇವಿನ ಗಿಡವನ್ನು ತಬ್ಬಿಕೊಂಡೆ. ಹೆಂಡತಿ ಆಗಲೇ ಒಳಗೆ ಓಡಿದ್ದಳು, ಬೇರೆ ಯಾರೂ ಹತ್ತಿರದಲ್ಲಿರಲಿಲ್ಲ.

ಸೀಮಂತದ ಕುಬಸ ಬೀಗರ ಮನೆಯಲ್ಲೇ ಆಯಿತು. ಹೆಂಡತಿ ಹೋಗಿ ಬಂದಳು, ನಾನು ಹೋಗಲಿಲ್ಲ. ಹಡೆಯಲು ಮಗಳು ತವರಿಗೆ ಬಂದಳು. ನೋವು ಬಂದ ದಿನ ಬೆಳಗಿನಿಂದ ನಾನು ಕಟ್ಟೆಯ ಮೇಲೆ ಕೂತು ಎಳೆ ಬಿಡಿಸಿ ಹಾಕಿ, ಬಿಡಿಸಿ ಹಾಕಿ ತೊಡೆ ಕೆಂಪಾಗಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೂಲಗಿತ್ತಿ ಮುದುಕಿ ಬಾಗಿಲಿಗೆ ಬಂದು, "ಮಾಲಕ್ರ, ಹೆಣ್ಣ ಐತ್ರಿ. ದನೀ ಕೇಳ್ರಿ, ಊರ ಗೌಡಕಿ ಮಾಡತೈತಿ," ಎಂದಳು. ಒಳಗೆ ಹೋಗಿ ನೋಡಿದೆ. ಕೆಂಪಗೆ, ಸುಕ್ಕುಸುಕ್ಕಾಗಿ, ನನ್ನ ಮೇಲೆ ಸಿಟ್ಟು ಮಾಡಿಕೊಂಡು ಮಲಗಿತ್ತು. ಮೂಗು ಮಾತ್ರ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಬಗ್ಗಿ ನೋಡಿದರೆ ಬೀಗರ ಮೂಗು. ಅದೇ ಗಿಣಿಮೂಗು. ಈ ಮೂಗು ಇಷ್ಟು ಚಂದ ಇರಬಹುದೆಂದು ನಾನು ಅಲ್ಲಿಯವರೆಗೆ ತಿಳಿದಿರಲಿಲ್ಲ. ಅದನ್ನು ಆ ಮನುಷ್ಯ ಹಾಳು ಮಾಡಿ ಇಟ್ಟುಕೊಂಡಿದ್ದಾನೆ, ಅಷ್ಟೇ.

ನಮ್ಮ ಕಡೆ ಚೊಚ್ಚಲು ಕೂಸಿನ ತೊಟ್ಟಿಲ ಹಗ್ಗವನ್ನು ಒಂದೇ ಮನೆಯವರು ಹೊಸೆಯುವುದಿಲ್ಲ. ಒಂದು ತುದಿ ತಾಯಿಯ ಅಪ್ಪ, ಇನ್ನೊಂದು ತುದಿ ತಂದೆಯ ಅಪ್ಪ ಹಿಡಿಯಬೇಕು. ಹಿಡಿದ ತುದಿಯನ್ನು ಹಗ್ಗ ಮುಗಿಯುವವರೆಗೆ ಬಿಡಬಾರದು. ಬಿಟ್ಟರೆ ಕೂಸಿಗೆ ಆ ಕಡೆಯ ಬಳಗದ ಆಸರೆ ತಪ್ಪುತ್ತದೆ ಎನ್ನುತ್ತಾರೆ. ನಾನು ಸಕ್ಕರೆಯೊಂದಿಗೆ ಬೆಳವಣಕಿಗೆ ಹೇಳಿ ಕಳಿಸಿದೆ. ಬೀಗರಿಂದ ಮಾತು ಬಂತು: ಹಗ್ಗ ಹಿಡಿಯಲು ಬರುತ್ತೇನೆ, ಅದು ಕೂಸಿನ ಋಣ. ಬೀದಿಯಲ್ಲಿ ನಿಂತು ಹಿಡಿದು ಹಾಗೇ ಬಂಡಿ ಹತ್ತುತ್ತೇನೆ. ಹೊಸ್ತಿಲು ತುಳಿಯುವುದಿಲ್ಲ.

ಬಾಣಂತಿ ಕೋಣೆಯಲ್ಲಿ ಮಲಗಿದ್ದ ಮಗಳು ಅದನ್ನು ಕೇಳಿಸಿಕೊಂಡಳು. ನನ್ನನ್ನು ಕರೆದಳು.

"ಅಪ್ಪಾ, ಅವರು ಬೀದ್ಯಾಗ ನಿಂತ ಹೊಳ್ಳಿ ಹ್ವಾದ್ರ ಆ ಮಾತು ಹಂಗ ಉಳೀತೈತಿ. ನಾ ಕೂಸಿನ್ನ ಎತ್ತಕೊಂಡು ಆ ಮನ್ಯಾಗ ಹ್ಯಾಂಗ ಅಡ್ಡಾಡ್ಲಿ? ಅವರು ನಮ್ಮ ಮನ್ಯಾಗ ಉಣಬೇಕು. ನಾಕ ಮಂದಿ ನೋಡಬೇಕು."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದಳು. ಉಣ್ಣುತ್ತಾರೆ ಬಿಡವ್ವ ಎಂದೆ. ಹೇಗೆಂದು ನನಗೆ ಆಗ ಗೊತ್ತಿರಲಿಲ್ಲ. ಕಟ್ಟೆಗೆ ಬಂದು ಕೂತು ಎಳೆಗೆ ಕೈ ಹಾಕಿದ ಮೇಲೆ ಹೊಳೆಯಿತು. ಹೊಸೆಯುವವರಿಗೆಲ್ಲ ಗೊತ್ತಿರುವ ಸಂಗತಿ ಅದು. ಹುರಿ ಹಾಕಿದಷ್ಟೂ ಎಳೆ ಗಿಡ್ಡವಾಗುತ್ತದೆ. ಗಿಡ್ಡವಾದಷ್ಟೂ ಆ ತುದಿ ಹಿಡಿದವನು ಮುಂದೆ ಬರಲೇಬೇಕು. ವ್ಯಾಪಾರ ಮಾಡುವ ಬೀಗರಿಗೆ ಹತ್ತಿ ಮಾರುವುದು ಗೊತ್ತು, ಹಗ್ಗ ಹೊಸೆಯುವುದು ಗೊತ್ತಿಲ್ಲ.

ತೊಟ್ಟಿಲ ದಿನ ಹೊತ್ತು ಏರುವುದರೊಳಗೆ ನಾನು ಎಲ್ಲ ಸಿದ್ಧಮಾಡಿದೆ. ಗಜೇಂದ್ರಗಡದ ಬಡಿಗೇರ ಮಾಡಿಕೊಟ್ಟ ತೊಟ್ಟಿಲು ಪಡಸಾಲೆಯಲ್ಲಿತ್ತು. ಹಿಡಿಕೆ ತಿರುವಿದರೆ ಎಳೆಗೆ ಹುರಿ ಹಾಕುವ ಮೂರು ಕೊಕ್ಕೆಗಳ ಹಲಗೆಯನ್ನು ಎಲ್ಲರೂ ಬೀದಿಯಲ್ಲಿ ನೆಡುತ್ತಾರೆ. ನಾನು ಪಡಸಾಲೆಯ ಒಳಗಿನ ಕಂಬಕ್ಕೆ ಬಿಗಿದೆ. ಮೂರೂ ಎಳೆಗಳ ಹುರಿ ಬಿಡಿಸಿ ಕೊಕ್ಕೆಗೆ ಸಿಕ್ಕಿಸಿ, ದನ ಕಟ್ಟುವ ಅಂಕಣದ ಮೇಲಿಂದ, ತಲೆಬಾಗಿಲಿನಿಂದ, ಅಂಗಳದಿಂದ ಬೀದಿಗೆ ಒಯ್ದು ತುದಿಗಳನ್ನು ಒಂದು ಕೋಲಿಗೆ ಕಟ್ಟಿದೆ. ಸೂಲಗಿತ್ತಿ ಮುದುಕಿಯನ್ನು ಬಾಗಿಲ ಪಕ್ಕ ಕೂರಿಸಿ, ಯಾರಾದರೂ ಕೈ ಬಿಡುವ ಮಾತು ಎತ್ತಿದರೆ ಕೂಸಿನ ಆಣೆ ಹಾಕೆಂದು ಹೇಳಿದೆ. ಓಣಿಯವರಿಗೆಲ್ಲ ಬಂದು ನೋಡಿರೆಂದು ಹೇಳಿಕಳಿಸಿದೆ. ಪಕ್ಕದ ಮನೆಯ ಮುದುಕರು ಅಂದು ಬಾವಿಗೆ ಇಳಿಯಲಿಲ್ಲ. ಬೇವಿನ ಕಟ್ಟೆಯ ಮೇಲೆ ಒಳ್ಳೆಯ ಜಾಗ ಹಿಡಿದು ಕೂತರು.

ಬಂಡಿ ಬಂತು. ಬೀಗತಿಯೂ ಅಳಿಯನೂ ಇಳಿದು ಒಳಗೆ ಹೋದರು. ಬೀಗರು ಬೀದಿಯಲ್ಲೇ ನಿಂತರು. ಹೊಸ ರುಮಾಲು, ಹೆಗಲ ಮೇಲೆ ಶಲ್ಯ, ಕಿರುಗುಡುವ ಚಪ್ಪಲಿ. ಎಳೆಗಳು ಮನೆಯೊಳಗೆ ಹೋಗಿದ್ದನ್ನು ನೋಡಿ, ಹಲಗೆಯನ್ನು ಹೊರಗೆ ಯಾಕೆ ನೆಡಲಿಲ್ಲವೆಂದು ಕೇಳಿದರು. ಹಸುಗೂಸಿನ ಹಗ್ಗಕ್ಕೆ ಬೀದಿಯ ದೂಳು ತಾಕಬಾರದೆಂದು ಹೇಳಿದೆ. ಸೂಲಗಿತ್ತಿ ಹೌದೆಂದು ತಲೆಯಾಡಿಸಿದಳು. ಬೀಗರು ಎರಡೂ ಕೈಯಲ್ಲಿ ಕೋಲು ಹಿಡಿದು, ಹಿಂದಕ್ಕೆ ವಾಲಿ, ಲಗೂ ಹುರಿ ಹಾಕಿರಿ ಎಂದರು. ನಾನು ಒಳಗೆ ಹೋಗಿ ಹಲಗೆಯ ಹಿಡಿಕೆ ತಿರುವತೊಡಗಿದೆ.

ಮೊದಮೊದಲು ಏನೂ ಆಗಲಿಲ್ಲ. ಎಳೆ ಜೋಲು ಬಿಟ್ಟಿದ್ದದ್ದು ನೆಟ್ಟಗಾಯಿತು. ಆಮೇಲೆ ಬೀಗರ ಬಲಗಾಲು ಒಂದು ಗೇಣು ಮುಂದೆ ಬಂತು. ಎಡಗಾಲು ಅದರ ಹಿಂದೆ ಬಂತು. ತಲೆಬಾಗಿಲ ಚೌಕಟ್ಟಿನಲ್ಲಿ ಅವರು ನನಗೆ ಪೂರ್ತಿ ಕಾಣುತ್ತಿದ್ದರು. ನಾನು ಅವಸರ ಮಾಡಲಿಲ್ಲ. ಇಷ್ಟು ವರ್ಷ ಕಾದವನು, ನಿಧಾನವಾಗಿ, ಒಂದೊಂದು ಸುತ್ತನ್ನೂ ಬಾಯಿ ಚಪ್ಪರಿಸಿಕೊಂಡು ಹಾಕಿದೆ. ಇದು ಕಟ್ಟೆಯ ಮೇಲೆ ನಕ್ಕಿದ್ದಕ್ಕೆ. ಇದು ಎರಡು ಬೆರಳಲ್ಲಿ ಎತ್ತಿ ನೋಡಿದ್ದಕ್ಕೆ. ಇದು ಮಗಳ ಕೈಯ ತಂಬಿಗೆ ಅಲುಗಾಡದೇ ಇದ್ದದ್ದಕ್ಕೆ. ಬೀಗರು ಬೀದಿ ಬಿಟ್ಟು ಅಂಗಳಕ್ಕೆ ಬಂದರು. ಬೇವಿನ ಗಿಡ ದಾಟಿದರು. ಆಗ ಅವರಿಗೆ ತಿಳಿಯಿತು.

"ಹುರಿ ಸಾಕ್ರಿ ಬೀಗರ."

ಕೂಸಿನ ಹಗ್ಗ, ಗಟ್ಟಿ ಬೇಕು, ಇನ್ನೂ ಎಳೆ ಮೆತ್ತಗಿದೆ ಎಂದು ಒಳಗಿನಿಂದಲೇ ಹೇಳಿದೆ. ಕಟ್ಟೆಯ ಮೇಲಿನ ಮುದುಕರು ನಶ್ಯ ಏರಿಸಿ, "ಏನ್ರಿ ಸಾವಕಾರ್ರ, ಬರಂಗಿಲ್ಲ ಬರಂಗಿಲ್ಲ ಅನಕೋತ ಬರಾಕ ಹತ್ತೀರಲ್ಲ," ಎಂದರು. ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಬೀಗರು ಹಿಮ್ಮಡಿ ನೆಲಕ್ಕೆ ಊರಿದರು. ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಕೋಲು ಬಿಡಲು ಹೋಗಿ ಸೂಲಗಿತ್ತಿಯ ಮುಖ ನೋಡಿದರು. ಅವಳು ಬಾಯಿ ತೆರೆಯಲೂ ಇಲ್ಲ, ಕೂಸಿದ್ದ ಕೋಣೆಯ ಕಡೆ ಬೆರಳು ತೋರಿಸಿದಳು. ಬೀಗರು ಕೋಲನ್ನು ಇನ್ನೂ ಗಟ್ಟಿಯಾಗಿ ಹಿಡಿದರು. ಅದನ್ನು ನಾನು ಒಪ್ಪುತ್ತೇನೆ: ಅವರು ಕೈ ಬಿಡಲಿಲ್ಲ.

ಹೊಸ್ತಿಲ ಬಳಿ ಬಂದಾಗ ಒಂದು ಕಾಲನ್ನು ಚೌಕಟ್ಟಿಗೆ ಒತ್ತಿ ನಿಂತುಬಿಟ್ಟರು. ರುಮಾಲು ವಾಲಿತ್ತು. ಬೆವರು ಗಿಣಿಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾನು ಇನ್ನೊಂದು ಸುತ್ತು ಹಾಕಿದೆ. ಬರಲಿಲ್ಲ. ಮತ್ತೊಂದು ಹಾಕಿದೆ. ಎಳೆಗಳು ತಂತಿಯ ಹಾಗೆ ಬಿಗಿದು ಗುಂಯ್ ಎಂದವು. ಹೆಂಡತಿ ಅಡುಗೆಮನೆಯಿಂದ ಬಂದು, ಎಳೆ ಹರಿದರೆ ಏನು ಗತಿ, ಸಾಕು ಮಾಡಿರಿ ಎಂದಳು. ನಾನು ಹಿಡಿಕೆ ಬಿಡಲಿಲ್ಲ, ಅವರು ಕಾಲು ತೆಗೆಯಲಿಲ್ಲ. ಓಣಿಯಲ್ಲಿ ನಗು ನಿಂತಿತು. ಎಲ್ಲರ ಕಣ್ಣೂ ಆ ಮೂರು ಎಳೆಗಳ ಮೇಲೆ.

ಆಗ ಬಾಣಂತಿ ಕೋಣೆಯ ಬಾಗಿಲಿನಿಂದ ದನಿ ಬಂತು. ಮದುವೆಯಾದ ಮೇಲೆ ಮಾವನ ಎದುರು ನನ್ನ ಮಗಳು ಎಂದೂ ಅಷ್ಟು ದೊಡ್ಡ ದನಿ ತೆಗೆದವಳಲ್ಲ.

"ಮಾವಾರ, ಗೊಡ್ಡಾಕಳ ಈದೈತ್ರಿ. ಒಳಗ ಬಂದ ನೋಡ್ರಿ."

ಬೀಗತಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಅಳಿಯ ಅಪ್ಪನ ಮುಖವನ್ನೇ ನೋಡುತ್ತ ನಿಂತ. ಅಂಕಣದಲ್ಲಿ ನಮ್ಮ ಕೌಲಿ ಆಕಳು ತನ್ನ ಕರುವನ್ನು ನೆಕ್ಕುತ್ತಿತ್ತು, ಅದಕ್ಕೆ ಇದ್ಯಾವುದೂ ಬೇಕಿರಲಿಲ್ಲ. ಬೀಗರು ಅದನ್ನು ನೋಡಿದರು, ಕೋಣೆಯ ಬಾಗಿಲನ್ನು ನೋಡಿದರು. ಚೌಕಟ್ಟಿಗೆ ಒತ್ತಿದ್ದ ಕಾಲನ್ನು ತೆಗೆದು ಹೊಸ್ತಿಲ ಈಚೆ ಇಟ್ಟರು. ಎಳೆ ಅವರನ್ನು ಒಳಗೆ ತೆಗೆದುಕೊಂಡಿತು.

ಹುರಿ ಆಗಲೇ ಸಾಕಾಗಿತ್ತು. ಆದರೂ ನಾನು ಇನ್ನೊಂದು ಸುತ್ತು ಹಾಕಿದೆ. ಅದು ನನ್ನ ಸಲುವಾಗಿ.

ಇನ್ನು ಮೂರು ಎಳೆಗಳನ್ನು ಕೂಡಿಸುವ ಕೆಲಸ. ಅಳಿಯ ಮೂರು ಗೀರು ಕೊರೆದ ಮರದ ತುಂಡನ್ನು ಎಳೆಗಳ ನಡುವೆ ಹಿಡಿದು ಅಪ್ಪನ ಕಡೆಯಿಂದ ನನ್ನ ಕಡೆಗೆ ನಡೆದುಬಂದ. ಬೀಗರು ಕೋಲನ್ನು ತಿರುವಿದರು. ಅವನ ಹಿಂದೆ ಹಗ್ಗ ಕೂಡಿಕೊಳ್ಳುತ್ತ ಬಂತು, ಬಿಳಿಯದು, ಉರುಟಾದದ್ದು, ಒಂದು ಗಂಟಿಲ್ಲದ್ದು. ಹಗ್ಗ ಕೂಡಿದಂತೆ ಬೀಗರು ಇನ್ನಷ್ಟು ಒಳಗೆ ಬಂದರು, ಆಕಳನ್ನು ದಾಟಿ, ಪಡಸಾಲೆಯ ಮೆಟ್ಟಿಲು ಹತ್ತಿ. ಮುಗಿದಾಗ ನಡುವೆ ಹಗ್ಗ ಹಿಡಿದು ನಾವಿಬ್ಬರೂ ಒಂದೇ ಪಡಸಾಲೆಯಲ್ಲಿ ಎದುರುಬದುರಾಗಿ ನಿಂತಿದ್ದೆವು. ಅವರು ಹಗ್ಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಎರಡು ಬೆರಳಲ್ಲಿ ಅಲ್ಲ, ಪೂರ್ತಿ ಅಂಗೈಯಲ್ಲಿ. ಅದು ಯಾವ ಹಗ್ಗವೆಂದು ಅಲ್ಲಲ್ಲಿ ಉಳಿದ ಅರಿಶಿನದ ಕಲೆಯಿಂದ ಅವರಿಗೆ ಗುರುತು ಸಿಕ್ಕಿತು.

"ಜವಾರಿ ಹತ್ತೀನ ಚಲೋ ಐತ್ರಿ ಬೀಗರ," ಎಂದರು, ಮೆಲ್ಲಗೆ.

"ತಿಳಿಯಾಕ ಭಾಳ ವರ್ಷ ಹಿಡೀತ್ರಿ," ಎಂದೆ ನಾನು, ಜೋರಾಗಿ.

ಆಮೇಲೆ ಅವರು ಕೋಣೆಯ ಬಾಗಿಲಿಗೆ ಹೋಗಿ ನಿಂತರು. ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವರು ಕೈ ಮುಂದೆ ಮಾಡಿ, ಗೊಡ್ಡಾಗಿದ್ದು ನನ್ನ ನಾಲಿಗೆ ಯವ್ವಾ ಎಂದರು. ಬಾಗಿಲ ತನಕ ತುಂಬಿದ್ದ ಓಣಿಯವರಿಗೆಲ್ಲ ಕೇಳಿಸಿತು. ನನ್ನ ಮಗಳು ಅಳಲಿಲ್ಲ, ನಗಲಿಲ್ಲ.

"ಕೈ ತೊಳ್ಕೊಂಡ ಬರ್ರಿ ಮಾವಾರ. ಹಂಗ ಕೂಸಿನ್ನ ಮುಟ್ಟಬಾರದು."

ಬೆಳವಣಕಿಯ ದೊಡ್ಡ ಕುಳ ಹಿತ್ತಲಿಗೆ ಹೋಗಿ ನಮ್ಮ ಹಂಡೆಯ ನೀರಿನಿಂದ ಕೈ ತೊಳೆದುಕೊಂಡು ಬಂದರು. ಕೂಸನ್ನು ಎತ್ತಿಕೊಂಡಾಗ ಅದು ಅವರ ಮೂಗು ನೋಡಿತು, ಅವರು ಅದರ ಮೂಗು ನೋಡಿದರು. ಹೆಂಗಸರು ತೊಟ್ಟಿಲ ಪದ ಎತ್ತಿದರು.

ಸಂಜೆ ಎಲ್ಲರೂ ಪಡಸಾಲೆಯಲ್ಲಿ ಒಂದೇ ಸಾಲಿನಲ್ಲಿ ಉಣ್ಣಲು ಕೂತೆವು. ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬುದನ್ನು ಅಂದು ನಾನು ಬಿಡಿಸಿದೆ. ಬೀಗತಿ, ಅಳಿಯ, ಪಕ್ಕದ ಮನೆಯ ಮುದುಕರು, ಸೂಲಗಿತ್ತಿ, ಎಲ್ಲರೂ. ಮಗಳು ಕೋಣೆಯ ಬಾಗಿಲಲ್ಲೇ ಬಾಣಂತಿ ಊಟ ಇಟ್ಟುಕೊಂಡು ಎಲ್ಲರಿಗೂ ಕಾಣುವ ಹಾಗೆ ಕೂತಳು. ಗೋಧಿ ಹುಗ್ಗಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ. ಬೀಗರನ್ನು ನನ್ನ ಪಕ್ಕದಲ್ಲಿ, ತೊಟ್ಟಿಲ ಹತ್ತಿರ ಕೂರಿಸಿದೆ. ಎಡಗೈಗೆ ತೂಗುವ ದಾರ ಕೊಟ್ಟೆ. ಕೋಲು ಹಿಡಿದು ಹಿಡಿದು ಅವರ ಅಂಗೈ ಎರಡೂ ಬೊಕ್ಕೆ ಎದ್ದು ಸುಲಿದಿದ್ದವು. ಬಲಗೈಯನ್ನು ಎಣ್ಣೆಗಾಯಿಗೆ ಹಾಕಿದ ಕೂಡಲೇ ಖಾರ ಬೊಕ್ಕೆಗೆ ಇಳಿದು ಅವರ ಭುಜ ಕಿವಿಯವರೆಗೆ ಏರಿತು. ಬಾಯಿಂದ ಮಾತ್ರ ಸದ್ದಿಲ್ಲ. ಮಗಳು ನೋಡುತ್ತಿದ್ದಳು. ಓಣಿಯವರೂ ಕಿಟಕಿಯಿಂದ ನೋಡುತ್ತಿದ್ದರು. ಬೀಗರು ರೊಟ್ಟಿ ಮುರಿದರು, ಅದ್ದಿದರು, ಉಂಡರು, ತೊಟ್ಟಿಲು ತೂಗಿದರು. ಕಣ್ಣಲ್ಲಿ ನೀರು ಬಂದಿತ್ತು. ಖಾರಕ್ಕೆ ಬಂದದ್ದೋ ಬೇರೆಯದಕ್ಕೋ, ನಾನು ಕೇಳಲು ಹೋಗಲಿಲ್ಲ.

ನನ್ನ ಹೆಂಡತಿ ಹುಗ್ಗಿಯ ಪಾತ್ರೆ ಹಿಡಿದು ಅವರ ಮುಂದೆ ಬಂದಳು. ನಾನು ಕಣ್ಣು ಸನ್ನೆ ಮಾಡಿದೆ. ಅವಳು ಹುಗ್ಗಿಯನ್ನು ಕೆಳಗಿಟ್ಟು, ಒಳಗೆ ಹೋಗಿ ಎಣ್ಣೆಗಾಯಿ ತಂದು, ಬೇಡವೆನ್ನುವುದರೊಳಗೆ ಬೀಗರ ತಾಟಿಗೆ ಎರಡು ಬದನೆಕಾಯಿ ಹಾಕಿದಳು.